200ಕ್ಕೇ ನಿಲ್ಲಿಸಿದ್ದು ಯಾಕೆ?

ಚಿ. ಸುಮಂತನಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂತು. 12,34,56,789 ಯಾವ ಯಾವ ಸಂಖ್ಯೆಗಳ ಗುಣಲಬ್ಧ ಅಂತ ಒಡೆದು ನೋಡಲು ಕೂತಿದ್ದೀಯ ಅಂತ ಓದಿ ಖುಷಿಯಾಯಿತು. ಅಂಕಿಗಳನ್ನೆಲ್ಲ ಕೂಡಿದರೆ 45, ಹಾಗಾಗಿ 9ರಿಂದ ಭಾಗ ಹೋಗುತ್ತದೆ. ಅಲ್ಲಿಯವರೆಗೆ ಸರಿ. ಉಳಿದ 1,37,17,421ನ್ನು ಮಾತ್ರ 200ರವರೆಗೆ ಭಾಗಿಸಿ ನೋಡಿ, "ಇದು ಅವಿಭಾಜ್ಯ", ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆ, ಅಂತ ಬರೆದುಬಿಟ್ಟಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನು ಎಡವಿದ್ದೂ ಇಲ್ಲೇ. 500 ದಾಟುವಷ್ಟರಲ್ಲಿ ಕೈ ಸೋತಿತ್ತು. ಅವಿಭಾಜ್ಯ ಅಂತ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ!

ಹಾಗೆ ಹೇಳಬೇಕಾದರೆ ವರ್ಗಮೂಲದವರೆಗೂ ಹೋಗಲೇಬೇಕು ಕಣೋ. ಇದರ ವರ್ಗಮೂಲ 3703 ಚಿಲ್ಲರೆ. 2ರಿಂದ ಶುರು ಮಾಡಿ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ 503 ಸಲ ಶೇಷ ಉಳಿಯುತ್ತದೆ. 504ನೇ ಅವಿಭಾಜ್ಯ 3607. ಅದಕ್ಕೆ ಸರಿಯಾಗಿ ಭಾಗ ಹೋಗುತ್ತದೆ. ಅಷ್ಟು ಹೊತ್ತು ಯಾರು ಕೂರುತ್ತಾರೆ, ಅಲ್ವಾ?

ಅದಕ್ಕೇ ವರ್ಗಮೂಲದ ತುದಿಯಿಂದಲೂ ಒಮ್ಮೆ ನೋಡು ಅನ್ನುವುದು. 1643ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಂದು ಪತ್ರದಲ್ಲಿ ಬರೆದ ಉಪಾಯ ಇದು. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಆಗುತ್ತದಾ ಅಂತ ಹುಡುಕಬೇಕು. ವರ್ಗಮೂಲದ ಪಕ್ಕದ 3704 ತೆಗೆದುಕೋ. ಅದರ ವರ್ಗ 1,37,19,616. ನಮ್ಮ ಸಂಖ್ಯೆ ಕಳೆದರೆ 2195. 5ರಲ್ಲಿ ಮುಗಿಯುವ ವರ್ಗ 25ರಲ್ಲೇ ಮುಗಿಯಬೇಕು, ಇದು 95. ಬಿಡು. ಮುಂದಿನದು 3705, ವರ್ಗ 1,37,27,025. ಕಳೆದರೆ 9604. ಇದು 98ರ ವರ್ಗ! ಎರಡು ವರ್ಗಗಳ ವ್ಯತ್ಯಾಸ ಅಂದರೆ ಆ ಎರಡು ಸಂಖ್ಯೆಗಳನ್ನು ಕಳೆದದ್ದು ಗುಣಿಸು ಕೂಡಿಸಿದ್ದು. ಇನ್ನೇನು, 3705ರಿಂದ 98 ಕಳೆದರೆ 3607, ಕೂಡಿಸಿದರೆ 3803. ಎರಡೂ ಅವಿಭಾಜ್ಯ. 504 ಸಲದ ಕೆಲಸ ಎರಡೇ ಸಲಕ್ಕೆ ಮುಗಿಯಿತು. ಇದನ್ನು ಮೊದಲ ಸಲ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಎಲ್ಲ ಕಡೆ ಇದನ್ನೇ ಹಿಡಿಯಬೇಡ. 3607, 3803 ಅಕ್ಕಪಕ್ಕದಲ್ಲಿದ್ದವು, ಅದಕ್ಕೇ ಬೇಗ ಸಿಕ್ಕವು. ಒಂದು ಚಿಕ್ಕದು, ಇನ್ನೊಂದು ತುಂಬಾ ದೊಡ್ಡದು ಆಗಿದ್ದರೆ ಈ ದಾರಿಯಲ್ಲಿ ಸುಮ್ನೆ ಸುತ್ತುತ್ತಿರಬೇಕಾಗುತ್ತದೆ. ಗುಪ್ತಲಿಪಿಗೆ ದೊಡ್ಡ ಅವಿಭಾಜ್ಯಗಳನ್ನು ಆರಿಸುವವರು ಅವು ತೀರಾ ಹತ್ತಿರ ಇರದ ಹಾಗೆ ನೋಡಿಕೊಳ್ಳುವುದೂ ಇದೇ ಕಾರಣಕ್ಕೆ.

ಈಗ ಅದೇ ಅಂಕಿಗಳನ್ನು ತಿರುಗಿಸಿ ಬರೆ: 98,76,54,321. ಇದು ಮೊದಲಿನದರ ಎಂಟರಷ್ಟಕ್ಕೆ 9 ಕೂಡಿಸಿದಷ್ಟು. ನಂಬಿಕೆ ಇಲ್ಲದಿದ್ದರೆ ಗುಣಿಸಿ ನೋಡು. 9ರಿಂದ ಭಾಗಿಸಿದರೆ 10,97,39,369 ಬರುತ್ತದೆ. ಇಲ್ಲಿ ಫರ್ಮಾನನ್ನು ಕರೆಯಬೇಡ, ಚಿಕ್ಕ ಅವಿಭಾಜ್ಯಗಳಿಂದಲೇ ಶುರು ಮಾಡು. 17ಕ್ಕೆ ಭಾಗ ಹೋಗುತ್ತದೆ, ಒಂದಲ್ಲ, ಎರಡು ಸಲ. ಕೊನೆಗೆ 3,79,721 ಉಳಿಯುತ್ತದೆ. ಅದು ಅವಿಭಾಜ್ಯ ಹೌದೋ ಅಲ್ಲವೋ ಮುಂದಿನ ಕಾಗದದಲ್ಲಿ ತಿಳಿಸು. ಅದರ ವರ್ಗಮೂಲ 616 ಚಿಲ್ಲರೆ. ಈ ಸಲ 200ಕ್ಕೆ ಎದ್ದು ಹೋಗಬೇಡ.

ಇಂತಿ ನಿನ್ನ
ದೊಡ್ಡಪ್ಪ