ಬೈಬಲಿನ ಧೀರೆಯರ ಚಿತ್ರಗಳು: ಈ ವಾರದ ಚರ್ಚೆ

ಸದಸ್ಯರಿಗೆ ನಮಸ್ಕಾರ. ಈ ವಾರದ ಚರ್ಚೆಗೆ ಸಿಯೋನಾ ಬೆಂಜಮಿನ್ ಅವರ ‘ಫೈಂಡಿಂಗ್ ಹೋಮ್’ ಚಿತ್ರಮಾಲೆಯನ್ನು ಆರಿಸಿಕೊಂಡಿದ್ದೇವೆ. ಮುಂಬೈಯ ಬೆನೆ ಇಸ್ರೇಲ್ ಯಹೂದಿ ಸಮುದಾಯದಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲೆಸಿರುವ ಈ ಕಲಾವಿದೆ, ಎಸ್ತೇರ್, ಮಿರ್ಯಾಮ್ ಮೊದಲಾದ ಬೈಬಲಿನ ಸ್ತ್ರೀಯರನ್ನು ಭಾರತೀಯ ಚಿಕಣಿ (ಮಿನಿಯೇಚರ್) ಚಿತ್ರಕಲೆಯ ಸೂಕ್ಷ್ಮ ಕುಸುರಿಯಲ್ಲಿ, ನೀಲಿ ಮೈಬಣ್ಣದಲ್ಲಿ ಚಿತ್ರಿಸುತ್ತಾರೆ. ಆ ನೀಲಿ ನಮಗೆ ಕೃಷ್ಣನನ್ನು ನೆನಪಿಸುವುದು ಸಹಜವಾದರೂ, ಅವರ ಮಟ್ಟಿಗೆ ಅದು ಕಡಲು ಮತ್ತು ಬಾನಿನ ಬಣ್ಣ, ಯಾವ ಒಂದೇ ನೆಲಕ್ಕೂ ಸೇರದವರ ಬಣ್ಣ. ಬೈಬಲಿನಲ್ಲಿ ಬರುವ ಪರ್ಷಿಯಾದ ರಾಣಿ ವಷ್ಟಿಯ ಚಿತ್ರವನ್ನು ವಿಶೇಷವಾಗಿ ಗಮನಿಸಿರಿ: ಔತಣಕ್ಕೆ ನೆರೆದವರೆದುರು ತನ್ನ ಚೆಲುವನ್ನು ಪ್ರದರ್ಶಿಸಬೇಕೆಂಬ ರಾಜಾಜ್ಞೆಯನ್ನು ನಿರಾಕರಿಸಿ ಪಟ್ಟವನ್ನೇ ಕಳೆದುಕೊಂಡ ಆ ರಾಣಿಗೆ, ಅವಳ ನಂತರ ರಾಣಿಯಾಗಿ ಯಹೂದಿ ಜನಾಂಗವನ್ನು ಉಳಿಸಿದ ಎಸ್ತೇರಳಿಗೆ ಸಲ್ಲುವಷ್ಟೇ ಗೌರವ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರಗಳನ್ನು ನಿಧಾನವಾಗಿ ನೋಡಿ, ನಿಮ್ಮ ಅನಿಸಿಕೆಗಳನ್ನು ಭಾನುವಾರದೊಳಗೆ ಇಲ್ಲಿಯೇ ಬರೆಯಬೇಕೆಂದು ಕೋರುತ್ತೇನೆ.