ರಾಣಿಯ ವರದಕ್ಷಿಣೆ, ನನ್ನ ಋಣ

ಹೋದ ಗುರುವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಶುರು ಮಾಡಿ ಎಂಟು ವರ್ಷವಾಗಿತ್ತು. ಫೋನ್ ಮಾಡಿದವರು, ಮೆಸೇಜ್ ಕಳಿಸಿದವರು, ಸ್ವೀಟ್ ಹಿಡಿದು ಮನೆಗೇ ಬಂದವರು, ಎಲ್ಲರಿಗೂ ಥ್ಯಾಂಕ್ಸ್ ಬರೆಯೋಣ ಅಂತ ಕೂತೆ. ಹತ್ತು ಮಂದಿಗೆ ಬರೆಯುವಷ್ಟರಲ್ಲಿ ಅದೇ ಎರಡು ಸಾಲು ತಿರುಗಿ ತಿರುಗಿ ಬರುತ್ತಿತ್ತು. ಮನಸ್ಸಿಗೆ ಸಮಾಧಾನ ಆಗಲಿಲ್ಲ. ನಿಮ್ಮಲ್ಲಿ ಒಬ್ಬೊಬ್ಬರ ಋಣ ಒಂದೊಂದು ಬಗೆಯದು. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನನ್ನ ವಿಷಯ ನಿಮಗೆ ಗೊತ್ತೇ ಇದೆ. 16 ಮತ್ತು 17ನೇ ಶತಮಾನದ ಯುರೋಪಿನ ಅರಮನೆಗಳು ಹೆಣ್ಣು ಕೊಟ್ಟು ಹೆಣ್ಣು ತಂದುಕೊಂಡ ಒಪ್ಪಂದಗಳು. ಅದರಲ್ಲೂ ಪೋರ್ಚುಗಲ್‌ನ ಬ್ರಗಾಂಜಾ ಮನೆತನದ ಕ್ಯಾಥರಿನ್. ‘ಬೊಂಬಾಯಿಯನ್ನು ವರದಕ್ಷಿಣೆಯಾಗಿ ಕೊಟ್ಟರು’ ಅಂತ ಶಾಲೆಯಲ್ಲಿ ಒಂದು ಸಾಲು ಓದಿರುತ್ತೇವೆ ಅಲ್ವಾ, ಆ ಸಾಲಿನೊಳಗೆ ಇದ್ದ ಹುಡುಗಿ.

ಈ ವಿಷಯ ಹಿಡಿದು ಮೊದಲ ಸಲ ಹೋದಾಗ ಹಿರಿಯರೊಬ್ಬರು, "ಅಲ್ಲಿನ ರಾಣಿಯರ ಮದುವೆ ಕಟ್ಟಿಕೊಂಡು ನಮಗೇನಾಗಬೇಕಮ್ಮ?" ಅಂದರು. ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಆ ಬೇಸಿಗೆ ಊರಿಗೆ, ಕಾರವಾರಕ್ಕೆ ಬಂದಾಗ ಚಿಕ್ಕಪ್ಪನ ಜೊತೆ ಬಿಣಗಾ ಕಡೆ ಹೋಗಿದ್ದೆ. ಕಡಲಲ್ಲಿ ಅಂಜದೀವ ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ನಡುಗಡ್ಡೆ. ಅಲ್ಲೇ ನಿಂತು ಚಿಕ್ಕಪ್ಪನಿಗೆ ಈ ಕಥೆ ಹೇಳಿದೆ. 1662ರಲ್ಲಿ ಇಂಗ್ಲೆಂಡಿನ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರನ್ನು ಕರೆದುಕೊಂಡು ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ. ಪೋರ್ಚುಗೀಸರು ಕಾಗದಪತ್ರ ಸರಿ ಇಲ್ಲ ಅಂತ ಕೊಡಲಿಲ್ಲ. ಹೋಗಲು ಜಾಗವಿಲ್ಲದೆ ಆ ಜನ ಅಂಜದೀವದಲ್ಲಿ ಉಳಿದರು. ರೋಗ ಬಡಿದು ಬಹುಪಾಲು ಮಂದಿ ಅಲ್ಲೇ ಸತ್ತರು. 1664ರಲ್ಲಿ ಶಿಪ್‌ಮನ್ನೂ ಸತ್ತ. ಮುಂಬಯಿ ಅವರ ಕೈಗೆ ಬಂದದ್ದು 1665ರ ಫೆಬ್ರುವರಿಯಲ್ಲಿ, ಅವನ ಜಾಗಕ್ಕೆ ಬಂದ ಹಂಫ್ರಿ ಕುಕ್ ಕಾಲಕ್ಕೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಕ್ಯಾಥರಿನ್‌ಗೂ ಅಲ್ಲಿನ ರಾಜನಿಗೂ ಆದ ಮದುವೆಯ ಬಾಕಿ ವಸೂಲಿಗೆ ಬಂದವರು ನಮ್ಮ ಮನೆ ಎದುರಿನ ಕಡಲಲ್ಲಿ ಪ್ರಾಣ ಬಿಟ್ಟಿದ್ದರು. ಚಿಕ್ಕಪ್ಪ ಸುಮಾರು ಹೊತ್ತು ಆ ಕಡೆಯೇ ನೋಡಿದರು. ಆಮೇಲೆ, "ಇದನ್ನು ಬರಿ. ಬಿಡಬೇಡ" ಅಂದರು. ಚಿಕ್ಕಪ್ಪ, ನಿಮ್ಮ ಆ ಎರಡು ಮಾತು ಮೊದಲೆರಡು ವರ್ಷ ನನ್ನನ್ನು ನಡೆಸಿತು.

ಮೂರನೇ ವರ್ಷ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಅಮ್ಮನನ್ನು ನಾನು ಶಾಲೆಯಲ್ಲಿ ಪಾಠ ಮಾಡುವ ಮುಂಬಯಿಗೆ ಕರೆತಂದೆ. ಥೀಸಿಸ್ ಫೈಲುಗಳನ್ನು ಅಟ್ಟಕ್ಕೆ ಹಾಕಿದೆ. ಇನ್ನು ತೆಗೆಯುವುದಿಲ್ಲ ಅಂತಲೇ ಹಾಕಿದ್ದು.

ಆಗ ಬಂದವರು ಎರಡನೇ ಮಹಡಿಯ ಆಂಟಿ. ಉಡುಪಿ ಕಡೆಯವರು, ನಲವತ್ತು ವರ್ಷದಿಂದ ಮುಂಬಯಿಯಲ್ಲಿದ್ದಾರೆ. ನಾನು ಕೇಳಿರಲಿಲ್ಲ. ಒಂದು ಬೆಳಿಗ್ಗೆ ಗಂಜಿ ಡಬ್ಬಿ ಹಿಡಿದು ಬಂದು, "ನೀನು ಶಾಲೆಗೆ ಹೊರಡು" ಅಂದರು. ಅಲ್ಲಿಂದ ಮುಂದೆ ಎರಡೂವರೆ ವರ್ಷ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಅಮ್ಮನ ಪಕ್ಕ ಅವರೇ ಇದ್ದರು. ನಮ್ಮ ಹೆಡ್‌ಮಿಸ್ ನನ್ನ ಪೀರಿಯಡ್‌ಗಳನ್ನೆಲ್ಲ ಬೆಳಗಿನ ಪಾಳಿಗೆ ಹಾಕಿಕೊಟ್ಟರು. ಸಹೋದ್ಯೋಗಿಗಳು ಒಂದು ದಿನವೂ ಗೊಣಗಲಿಲ್ಲ.

ಅಮ್ಮನ ಜೊತೆ ದಿನಾ ಮಾತಾಡುತ್ತಿರಿ, ಏನಾದರೂ ಓದಿ ಹೇಳಿ ಅಂತ ಸ್ಪೀಚ್ ಥೆರಪಿಯ ಹುಡುಗಿ ಹೇಳಿದ್ದಳು. ಕೈಗೆ ಸಿಕ್ಕಿದ್ದು ನನ್ನ ಹಳೆಯ ನೋಟ್ಸ್. ಅದನ್ನೇ ಕನ್ನಡದಲ್ಲಿ ಹೇಳತೊಡಗಿದೆ. ಆಂಟಿ ಕೊತ್ತಂಬರಿ ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಕ್ಯಾಥರಿನ್ ಮದುವೆಯ ಮಾತುಕತೆ ಹೇಳಿದೆ. ಪೋರ್ಚುಗಲ್ 1640ರಲ್ಲಿ ಸ್ಪೇನಿನಿಂದ ಬಿಡಿಸಿಕೊಂಡಿತ್ತು. 1659ರಲ್ಲಿ ಫ್ರಾನ್ಸ್ ಸ್ಪೇನ್ ಜೊತೆ ರಾಜಿಯಾಗಿ ಇವರ ಕೈಬಿಟ್ಟಿತು. ಗಂಡ ಸತ್ತ ರಾಣಿ ಲೂಯಿಸಾ ದೇಶ ಉಳಿಸಿಕೊಳ್ಳಲು ಮಗಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಟ್ಟಳು. ಜೊತೆಗೆ ಆಫ್ರಿಕಾದ ಟ್ಯಾಂಜಿಯರ್ ಬಂದರು, ಬೊಂಬಾಯಿ, 20 ಲಕ್ಷ ಕ್ರುಜಾದೋ ಹಣ. ಆದರೆ ಹೆಣ್ಣನ್ನು ಕರೆದೊಯ್ಯಲು ಹಡಗು ಬಂದಾಗ ಅರ್ಧ ಹಣವನ್ನಷ್ಟೇ ಕೊಡಲು ಒಪ್ಪಿದರು. ಅದರಲ್ಲೂ ನಗದಿನ ಬದಲು ಸಕ್ಕರೆ ಮತ್ತು ಸಾಂಬಾರ ಪದಾರ್ಥದ ಮೂಟೆ ತುಂಬಿದರು. ಆಂಟಿ ಕೊತ್ತಂಬರಿ ಕೆಳಗಿಟ್ಟು ಕೇಳಿದರು: "ಬಾಕಿ ಉಳಿದಿತ್ತಲ್ಲ, ಆ ಹುಡುಗಿಯನ್ನು ಅವರು ಚೆನ್ನಾಗಿ ನೋಡಿಕೊಂಡರಾ?"

ನಾನು ಓದಿದ ಪುಸ್ತಕಗಳಲ್ಲಿ ಬಾಕಿ ಒಂದು ಕಡೆ, ಹುಡುಗಿ ಇನ್ನೊಂದು ಕಡೆ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಂದವರು ಆಂಟಿ. ಆ ರಾತ್ರಿಯೇ ಅಟ್ಟದಿಂದ ಫೈಲು ಇಳಿಸಿದೆ. ಇನ್ನೊಬ್ಬಳು ಕ್ಯಾಥರಿನ್ ನೆನಪಾದಳು, ಸ್ಪೇನಿನ ಅರಗಾನ್ ಮನೆತನದವಳು. 1501ರಲ್ಲಿ ಇಂಗ್ಲೆಂಡಿನ ಯುವರಾಜ ಆರ್ಥರ್‌ನನ್ನು ಮದುವೆಯಾದಳು. ಐದು ತಿಂಗಳೂ ತುಂಬುವ ಮೊದಲೇ ಅವನು ಸತ್ತ. ಎರಡು ಲಕ್ಷ ಕ್ರೌನ್ ಮಾತಾಗಿತ್ತು, ಸಂದದ್ದು ಅರ್ಧ. ಉಳಿದದ್ದನ್ನು ಯಾರು ಕೊಡಬೇಕು, ಕೊಟ್ಟದ್ದನ್ನು ವಾಪಸ್ ಕೊಡಬೇಕಾ ಅಂತ ಮಾವನೂ ಅಪ್ಪನೂ ಏಳು ವರ್ಷ ಎಳೆದಾಡಿದರು. ಅಷ್ಟೂ ದಿನ ಆಕೆ ಇಂಗ್ಲೆಂಡಿನಲ್ಲಿ. ಉಡಲು ಬಟ್ಟೆಯಿಲ್ಲ, ಬಳೆ ಮಾರಿ ಕಪ್ಪು ವೆಲ್ವೆಟ್ ಗೌನ್ ಹೊಲಿಸಿಕೊಂಡೆ ಅಂತ ಅಪ್ಪನಿಗೆ ಬರೆದಳು. ರಾಜನ ಮಗಳು, ಬಳೆ ಮಾರಿದಳು. ನನ್ನ ಎರಡನೇ ಅಧ್ಯಾಯ ಪೂರ್ತಿ ಆಂಟಿಯ ಪ್ರಶ್ನೆಗೆ ಕೊಟ್ಟ ಉತ್ತರ.

ಮತ್ತೊಂದು ದಿನ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಸ್ಪೇನಿನ ರಾಜಕುಮಾರಿ ಮಾರ್ಗರಿಟಾ, ವೆಲಾಸ್ಕೆಸ್ ಬರೆದದ್ದು. ಗುಲಾಬಿ ಉಡುಪಿನಲ್ಲೊಂದು, ಬಿಳಿ ಉಡುಪಿನಲ್ಲೊಂದು, ಎಂಟು ವರ್ಷದವಳಿದ್ದಾಗ ನೀಲಿ ಉಡುಪಿನಲ್ಲೊಂದು. ಮೂರೂ ಈಗ ವಿಯೆನ್ನಾದಲ್ಲಿವೆ. ಆಂಟಿ ನೋಡಿದ ಕೂಡಲೇ, "ಗಂಡಿನ ಕಡೆಗೆ ಕಳಿಸಿದ ಫೋಟೋನಾ?" ಅಂದರು. ಹೌದು, ಅದೇ. ಗಂಡು ಯಾರು? ಅವಳ ತಾಯಿಯ ತಮ್ಮ, ವಿಯೆನ್ನಾದಲ್ಲಿ ಆಳುತ್ತಿದ್ದ ಚಕ್ರವರ್ತಿ ಲಿಯೋಪೋಲ್ಡ್. ಸೋದರಮಾವ! 1666ರಲ್ಲಿ ಮದುವೆಯಾದಾಗ ಅವಳಿಗೆ 15. ಆಮೇಲೂ ಅವನನ್ನು ಮಾವ ಅಂತಲೇ ಕರೆಯುತ್ತಿದ್ದಳಂತೆ. ನಾಲ್ಕು ಹೆತ್ತು, ಒಂದೇ ಮಗು ಉಳಿದು, 21ಕ್ಕೆ ತೀರಿಕೊಂಡಳು.

ಆಂಟಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ನನ್ನದೂ ಸೋದರಮಾವನೇ" ಅಂದರು. "ಮದುವೆ ಆಗಿ ಎಷ್ಟೋ ವರ್ಷ ಬಾಯಲ್ಲಿ ಮಾವ ಅಂತಲೇ ಬರುತ್ತಿತ್ತು." ಇಷ್ಟು ವರ್ಷದ ಪರಿಚಯದಲ್ಲಿ ಅವರು ತಮ್ಮ ಮದುವೆ ಮಾತು ಎತ್ತಿದ್ದು ಅದೇ ಮೊದಲು. ಆಂಟಿ, ಆ ಸಂಜೆ ನೀವು ಹೇಳಿದ್ದನ್ನೆಲ್ಲ ನಾನು ಎಲ್ಲೂ ಬರೆದಿಲ್ಲ. ಆದರೆ ಮಾರ್ಗರಿಟಾಳ ಬಗ್ಗೆ ಬರೆದ ಪ್ರತಿ ಸಾಲನ್ನೂ ನಿಮ್ಮನ್ನು ನೆನೆದೇ ಬರೆದೆ.

ಮಡಗಾಂವಿನ ಪೋರ್ಚುಗೀಸ್ ಮೇಷ್ಟ್ರಿಗೂ ಇಲ್ಲೇ ಕೈಮುಗಿಯುತ್ತೇನೆ. ಪ್ರತಿ ಭಾನುವಾರ ಫೋನಿನಲ್ಲಿ ಪಾಠ, ಒಂದು ರೂಪಾಯಿ ಮುಟ್ಟಲಿಲ್ಲ. ಲೈಬ್ರರಿಯಲ್ಲಿ ಪುಡಿಪುಡಿಯಾಗುತ್ತಿದ್ದ ಸಂಪುಟಗಳನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ ಅಣ್ಣನಿಗೂ.

ನಾಲ್ಕನೇ ಅಧ್ಯಾಯ ಬರೆಯಲು ತುಂಬಾ ಕಷ್ಟಪಟ್ಟೆ. ಗಂಡನ ಪ್ರೇಯಸಿ ಬಾರ್ಬರಾ ಪಾಮರ್‌ನ ಹೆಸರನ್ನು ತನ್ನ ಸಖಿಯರ ಪಟ್ಟಿಯಿಂದ ಬ್ರಗಾಂಜಾದ ಕ್ಯಾಥರಿನ್ ಹೊಡೆದುಹಾಕಿದ್ದಳು. ಚಾರ್ಲ್ಸ್ ತುಂಬಿದ ಸಭೆಯಲ್ಲಿ ಅವಳನ್ನೇ ಕರೆತಂದು ಪರಿಚಯಿಸಿದ. ಯಾರೆಂದು ತಿಳಿದಾಗ ಕ್ಯಾಥರಿನ್‌ಗೆ ಮೂಗಿನಿಂದ ರಕ್ತ ಸುರಿದು ಪ್ರಜ್ಞೆ ತಪ್ಪಿತು. ಜೊತೆಗೆ ಬಂದಿದ್ದ ಪೋರ್ಚುಗೀಸ್ ಹೆಂಗಸರಲ್ಲಿ ಹೆಚ್ಚಿನವರನ್ನು ಊರಿಗೆ ಅಟ್ಟಿದರು. 1663ರಲ್ಲಿ ಜ್ವರದ ಭ್ರಮೆಯಲ್ಲಿ, ಇಲ್ಲದ ಮಕ್ಕಳು ಹೇಗಿದ್ದಾರೆ ಅಂತ ಕೇಳುತ್ತಿದ್ದಳು. ಇಷ್ಟು ಹೇಳಿ ನಿಲ್ಲಿಸಿದೆ. ಮುಂದೆ ಓದಲಾಗಲಿಲ್ಲ.

ಆಗ ಅಮ್ಮ ಬಾಯಿ ತೆರೆದಳು. ಒಂದೊಂದೇ ಮಾತು, ಎಡಗೈಯಲ್ಲಿ ಹೊದಿಕೆ ಹಿಂಡುತ್ತಾ: "ಅವಳು... ತವರಿಗೆ... ಬಂದಳಾ?"

ಹದಿನಾಲ್ಕು ತಿಂಗಳಲ್ಲಿ ಅಮ್ಮ ಆಡಿದ ಮೊದಲ ಪೂರ್ತಿ ವಾಕ್ಯ ಅದು. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಬಂದಳಮ್ಮ ಅಂದೆ. ಗಂಡ 1685ರಲ್ಲಿ ಸತ್ತ. 1692ರಲ್ಲಿ ಇಂಗ್ಲೆಂಡ್ ಬಿಟ್ಟು, ಮರುವರ್ಷ ಜನವರಿಯಲ್ಲಿ ಲಿಸ್ಬನ್ ಮುಟ್ಟಿದಳು. ಹೋಗಿ 30 ವರ್ಷ ಆಗಿತ್ತು. "ಯಾರಿದ್ದರು?" ಅಂದಳು ಅಮ್ಮ. ತಾಯಿ ಲೂಯಿಸಾ 1666ರಲ್ಲೇ ಹೋಗಿದ್ದಳು. ತಮ್ಮ ಪೇದ್ರು ಇದ್ದ, ಅವನೇ ರಾಜ. ಅವನು ಮುಂದೆ 1704ರಲ್ಲಿ ಅಕ್ಕನ ಕೈಗೇ ರಾಜ್ಯ ಕೊಟ್ಟ. ಮರುವರ್ಷದ ಕೊನೆಯ ದಿನ ಆಕೆ ಅಲ್ಲೇ ಕಣ್ಣು ಮುಚ್ಚಿದಳು, ತವರಿನಲ್ಲಿ.

ಕೊನೆಯ ಅಧ್ಯಾಯ ಅಲ್ಲಿಂದಲೇ ಹುಟ್ಟಿತು. ಇಂಗ್ಲಿಷ್ ಥೀಸಿಸ್ಸಿನಲ್ಲಿ ಅದಕ್ಕೆ ‘ತವರು’ ಅಂತಲೇ ಹೆಸರಿಟ್ಟೆ. ವೈವಾದಲ್ಲಿ ಪರೀಕ್ಷಕರು ಈ ಪದದ ಅರ್ಥ ಕೇಳಿದರು. ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರು ಪೆನ್ನು ಕೆಳಗಿಟ್ಟು ಕಾದರು. ಅವರಿಗೂ ನನ್ನ ನಮಸ್ಕಾರ.

ಮುಂದಿನ ವಾರ ಅಮ್ಮನನ್ನು ಕಾರವಾರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಆಂಟಿಯೂ ಬರುತ್ತಾರೆ. ಅವರಿಗೆ ಅಂಜದೀವ ನೋಡಬೇಕಂತೆ. ಚಿಕ್ಕಪ್ಪ, ಬಿಣಗಾಕ್ಕೆ ಹೋಗಲು ಗಾಡಿ ನೋಡಿಡಿ. ವೀಲ್‌ಚೇರ್ ಹಿಡಿಯುವಂಥದ್ದು.