ಮಡಚುವ ಚಾಕು ಬಂದಿದೆ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಬಹಳ ಕಾಲದಿಂದ ಕಾಯುತ್ತಿದ್ದ ಒಪಿನೆಲ್ 8ನೇ ನಂಬರಿನ ಕಿಸೆಚಾಕು ನಿನ್ನೆ ಶಿರಸಿಗೆ ಬಂದು ತಲುಪಿದ್ದು, ಇದರ ಬಗ್ಗೆ ವಿಚಾರಿಸಿದ್ದವರ ಮಾಹಿತಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಈ ಚಾಕುವಿಗೆ ಬೀಚ್ ಮರದ ಹಿಡಿ ಮತ್ತು 8.5 ಸೆಂ.ಮೀ. ಅಲಗು ಇದ್ದು, ಕೆಲಸದ ನಡುವೆ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ, ತಿರುಗಿಸುವ ಉಕ್ಕಿನ ಬಳೆ 1955ರಲ್ಲಿ ಸೇರಿತು.

ನಾನು ತರಿಸಿದ್ದು ಕಾರ್ಬನ್ ಸ್ಟೀಲಿನದು. ಹರಿತ ಬೇಗ ಬರುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ತುಕ್ಕೂ ಅಷ್ಟೇ ಬೇಗ ಹಿಡಿಯುತ್ತದೆ. ಹಸಿ ಅಡಿಕೆ ಸೀಳಿದ ಕೂಡಲೇ ಅದರ ಚೊಗರಿಗೆ ಅಲಗು ನೀಲಿಗಪ್ಪಾಯಿತು. ಇದು ಕೆಡುಕಲ್ಲ, ಒರೆಸಿ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಟ್ಟರೆ ಸಾಕು. (ಮನೆಯವರು ಮಾತ್ರ ಹೊಸ ಚಾಕುವನ್ನು ಒಂದೇ ದಿನದಲ್ಲಿ ಹಾಳುಮಾಡಿದೆನೆಂದೇ ನಂಬಿದ್ದಾರೆ.) ತೇವಕ್ಕೆ ಮರ ಉಬ್ಬಿ ಅಲಗು ಬಿಗಿಯಾದಾಗ ಉಗುರಿನಿಂದ ಎಳೆದು ಹೆಣಗಬಾರದು, ಬಳೆಯ ಬೀಗ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿಗೆ ಕುಟ್ಟಿದರೆ ಅಲಗು ತಾನಾಗಿ ತುಸು ಹೊರಬರುತ್ತದೆ.

ಮೆಣಸಿನ ಬಳ್ಳಿ ಕಟ್ಟುವ ಹಗ್ಗ, ಬಾಳೆಪಟ್ಟೆ, ಗೊಬ್ಬರದ ಚೀಲದ ಹೊಲಿಗೆ ಇವುಗಳಿಗೆ ಇದು ಬಹಳ ಅನುಕೂಲ. ಸೊಪ್ಪು ಕೊಯ್ಯಲು, ತೆಂಗಿನಕಾಯಿ ಒಡೆಯಲು ನಮ್ಮ ಕತ್ತಿಯೇ ಬೇಕು. ವಿಮಾನದಲ್ಲಿ ಹೋಗುವವರು ಇದನ್ನು ಕೈಚೀಲದಲ್ಲಿಡದೆ, ಒಪ್ಪಿಸುವ ಸಾಮಾನಿನಲ್ಲಿ ಹಾಕಬೇಕು.

ಕೈಯಲ್ಲಿ ಹಿಡಿದು ನೋಡಬಯಸುವವರು ಸಂಜೆ ಐದರ ನಂತರ ಮನೆಗೆ ಬರಬಹುದು.